ನನ್ನ ಬಾಯಿಗೆ ಹೆದರಿ ಹೇಳಿದ ಸುಳ್ಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಅಷ್ಟೇ, ಸಾಧುವೇನೂ ಆಗಿಲ್ಲ. ಆದರೆ ಮಹಾರಾಜರ ಕಾಲದಲ್ಲಿ ಶಿರಾದ ಆಸ್ಪತ್ರೆಗೆ ಡಾಕ್ಟರಾಗಿ ಹೋದಾಗ ನನ್ನದು ಬರೀ ಕೋಪವಲ್ಲ, ರಂಪ. ಕತ್ತರಿ ಮೊಂಡಾಗಿದ್ದರೆ ಗೋಡೆಗೆ ಎಸೆಯೋದು, ಗಾಯಕ್ಕೆ ಸಗಣಿ ಮೆತ್ತಿಕೊಂಡು ಬಂದವರನ್ನು ಹಿಗ್ಗಾಮುಗ್ಗಾ ಬೈಯೋದು. ನನ್ನ ಸೈಕಲ್ ಸದ್ದು ಕೇಳಿದರೆ ಕಾಂಪೌಂಡರು ಔಷಧಿ ಕೋಣೆ ಸೇರಿಕೊಳ್ಳುತ್ತಿದ್ದರು. ಹೆದರಿಸಿದರೆ ಕೆಲಸ ನೆಟ್ಟಗೆ ಆಗುತ್ತೆ ಅಂತ ನಂಬಿದ್ದೆ, ದಡ್ಡ ಮುಂಡೇದು.

ಒಂದು ಬೆಳಿಗ್ಗೆ ಬುಕ್ಕಾಪಟ್ಟಣದ ಕಡೆಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಜಾಲಿಮುಳ್ಳು ತೊಡೆಯೊಳಗೆ ಮುರಿದು ಕೂತು, ಕೀವು ತುಂಬಿ, ಕಾಲು ಕಂಬದ ಹಾಗೆ ಊದಿತ್ತು. ಕ್ಲೋರೋಫಾರಂ ಕೊಟ್ಟು ಕೊಯ್ಯಬೇಕು. ತುಂಬಿದ ಹೊಟ್ಟೆಗೆ ಅದನ್ನು ಕೊಟ್ಟರೆ ವಾಂತಿ ಉಸಿರಿಗೆ ಸಿಕ್ಕಿ ಪ್ರಾಣವೇ ಹೋಗುತ್ತದೆ. ಅದಕ್ಕೇ ಅತ್ತೆಯನ್ನು ಗದರಿ ಕೇಳಿದೆ, "ಏನಾದ್ರೂ ತಿನ್ನಿಸಿದ್ದೀಯಾ?"

"ಇಲ್ಲ ಬುದ್ಧಿ, ಏನೂ ಇಲ್ಲ."

ಸೊಸೆಯನ್ನು ಮೇಜಿನ ಮೇಲೆ ಮಲಗಿಸಿದರು. ಅವಳ ಕೈಕಾಲು ಒರೆಸುತ್ತಿದ್ದ ಆಯಾ, ತೋವಿನಕೆರೆ ಕಡೆಯ ವಿಧವೆ, ಇದ್ದಕ್ಕಿದ್ದಂತೆ ಕ್ಲೋರೋಫಾರಂ ಸೀಸೆ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಏಯ್! ಇಡೇ ಅದನ್ನ!" ಅಂತ ಕಿರುಚಿದೆ. ಕೈಯನ್ನೂ ಎತ್ತಿಬಿಟ್ಟಿದ್ದೆ, ಥೂ.

ಆಕೆ ಹಿಂದೆ ಸರಿಯಲಿಲ್ಲ. ದನಿ ಏರಿಸಲೂ ಇಲ್ಲ. "ಬೇಕಾರೆ ಹೊಡ್ದುಬುಡಿ ಸ್ವಾಮಿ, ಸೀಸೆ ಕೊಡಾಕಿಲ್ಲ. ಈ ತಾಯಿ ಉಗುರು ಸಂದೀಲಿ ರಾಗಿಮುದ್ದೆ ಇನ್ನೂ ಹಸೀಗೈತೆ. ಅವ್ರತ್ತೆ ನಿಮ್ಮ ಬಾಯಿಗೆ ಹೆದರ್ಕಂಡು ಸುಳ್ಳು ಹೇಳವ್ರೆ. ಹೋಗಿ ಕುಂತ್ಕಂಡು ಕೇಳಿ. ನಿಂತ್ಕಂಡು ಕೇಳ್ಬ್ಯಾಡಿ."

ಅಬ್ಬಬ್ಬಾ! ಕೆಲಸ ಹೋದರೆ ಮಾರನೇ ದಿನ ಹಿಟ್ಟಿಗೆ ಗತಿಯಿಲ್ಲದ ಹೆಂಗಸು ಅದು. ಎಲ್ಲಿಂದ ಬಂತು ಆ ಧೈರ್ಯ? ಎತ್ತಿದ ಕೈ ಇಳಿಸಿ ಹೊರಗೆ ಹೋದೆ.

ಜಗಲಿಯ ಮೇಲೆ ಅತ್ತೆಯ ಪಕ್ಕ ಕೂತೆ. "ಯಾವಾಗ ಉಂಡಳಮ್ಮ?"

ಮುದುಕಿ ಅತ್ತುಬಿಟ್ಟಳು. "ಊರು ಬಿಟ್ಟು ಹೊರಡೋರ್ನ ಬರೀ ಹೊಟ್ಟೇಲಿ ಹೆಂಗೆ ಕರ್ಕಂಡ್ಬರೋದು ಬುದ್ಧಿ? ಈಗ್ತಾನೆ ಗಾಡೀಲೇ ಒಂದು ಮುದ್ದೆ ಕೈಗಿಕ್ಕಿ ಉಣ್ಣಿಸ್ದೆ. ಬೈತೀರಾ ಅಂತ..."

ಮಧ್ಯಾಹ್ನದವರೆಗೆ ಕಾದು ಕೊಯ್ದೆವು. ಬೆರಳುದ್ದದ ಮುಳ್ಳು ಬಂತು. ಸೊಸೆ ಕಣ್ಣುಬಿಟ್ಟವಳೇ, "ಎಮ್ಮೆ ಹಾಲು ಕರೆದೋರು ಯಾರತ್ತೆ?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಸಂಜೆ ಆಯಾ ಚಾಕುಗಳನ್ನು ಕುದಿಸುತ್ತಿದ್ದಳು. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. "ಇವತ್ತು ನೀನು ಒಂದು ಜೀವ ಉಳಿಸ್ದೆ ಕಣಮ್ಮ. ಇದಕ್ಕೆ ಮುಂಚೇನೂ ಯಾರಾದ್ರೂ ನನಗೆ ಹಿಂಗೆ ಸುಳ್ಳು ಹೇಳಿದ್ರಾ?"

ಆಕೆ ಕೈಲಿದ್ದ ಇಕ್ಕಳ ಕೆಳಗಿಟ್ಟಳು. ಆಮೇಲೆ ನನ್ನ ಮುಖವನ್ನೇ ನೋಡಿ ಅಂದಳು. "ಎಲ್ರೂ ಹೇಳ್ತಾರೆ ಸ್ವಾಮಿ. ನೀವು ಗದರ್ಕಂಡು ಅವಸರ ಮಾಡ್ದಾಗೆಲ್ಲಾ, ಚಾಕು ಕುದೀದೆ ಇದ್ರೂ ಕುದ್ದೈತೆ ಅಂತ ನಾನೂ ಹೇಳಿವ್ನಿ."

ಕೊಯ್ದ ಗಾಯ ಕೀವಾಗಿ ಸತ್ತವರು ಒಬ್ಬೊಬ್ಬರಾಗಿ ನೆನಪಾಗತೊಡಗಿದರು. ನಾನು ಆಕೆಯನ್ನು ಬೈಯಲಿಲ್ಲ.