ಚಿರತಿ ಪಾಠ ಹೇಳಿದ ಮಾಮಾ

ಈಗ ನಾ ಇರೋ ವಾಡಿ ಊರಿನ ಮನಿ ಎದುರಿಗೆ ಬಡಿಗ್ಯಾ ಗರಗಸ ಎಳಿಲಿಕ್ಕೆ ಶುರು ಮಾಡಿದ್ನಂದ್ರ ನನಗ ಸಿಟ್ಟೇ ಬರ್ತದ. ಪಾಪ, ಅವನ ತಪ್ಪೇನಿಲ್ಲ. ಚಿರತಿ ಕೂಗೂದು ಥೇಟ್ ಹಂಗ, ಒಣ ಕಟ್ಟಿಗಿ ಕೊಯ್ದಂಗ, ಅಂತ ಮಾಮಾ ಹೇಳಿಕೊಟ್ಟಿದ್ದ. ಮಾಮಾ ಅಂದ್ರ ನಮ್ಮ ಸೋದರತ್ತಿ ಗಂಡ, ಚಿಂಚೋಳಿ ಅಡವಿ ಅಂಚಿನ ಒಂದು ಊರಾಗ ಸಾಲಿ ಮಾಸ್ತರ. ನಾಲ್ಕು, ಐದನೇ ಕ್ಲಾಸು ನಾ ಅವರ ಮನ್ಯಾಗ ಇದ್ದು ಕಲ್ತೆ. ಶಾಬಾದಿ ಫರ್ಸಿಗಲ್ಲು ಹಾಸಿದ ಪಡಸಾಲಿ ಬ್ಯಾಸಗ್ಯಾಗೂ ತಣ್ಣಗಿರ್ತಿತ್ತು. ಒಳಗಿಂದ ತೊಗರಿಬ್ಯಾಳಿ ಕುದಿಯೋ ವಾಸನಿ, ಅದರ ಜೋಡಿ ಅತ್ತಿಯ ಹಸಿ ಮಡಿಸೀರಿ ವಾಸನಿ. ಈಗ ಆ ಮನಿ ಇಲ್ಲ. ಫರ್ಸಿನೂ ಯಾರೋ ಕಿತ್ಕೊಂಡು ಹೋದ್ರು.

ಮಾಮಾಗ ಚಿರತಿ ಅಂದ್ರ ಭಾಳ ಖುಷಿ. "ಅದರ ಮೈಮ್ಯಾಲಿನವು ಬರೇ ಚುಕ್ಕಿ ಅಲ್ರೋ, ನಡುವ ಖಾಲಿ ಇರೋ ಹೂವಿನಂಗ. ಒಂದರ ಮೈಯಿದ್ದಂಗ ಇನ್ನೊಂದರದಿಲ್ಲ. ಒಂಟಿಯಾಗಿ ತಿರಗ್ತದ, ತನಗಿಂತ ಭಾರದ ಬ್ಯಾಟಿ ಕಚ್ಕೊಂಡು ಗಿಡ ಏರ್ತದ. ಊರ ಹತ್ರ ಬಂದ್ರ ನಾಯಿ ಹುಡುಕ್ತದ. ನಾಯಿ ಹೊರಗ ಕಟ್ಟಿದ್ರ ಕಾವಲಲ್ಲ, ಚಿರತಿಗೆ ತಾಟು ಹಾಕಿದಂಗ! ಹೊತ್ತು ಮುಳುಗೂದ್ರಾಗ ಒಳಗ ತಗೋರಿ." ಸಾಲ್ಯಾಗ ಹೇಳಿದ್ದು ಸಾಲದಂತ ಕಟ್ಟಿಮ್ಯಾಲ ಕುಂತವರಿಗೂ ಹೇಳ್ತಿದ್ದ. ಊರ ಮಂದಿ ಕೇಳಿದ್ರು, ನಾಯಿ ಒಳಗ ಕಟ್ಟಿದ್ರು. ಕೇಳದ ಮನಿ ಒಂದೇ, ನಮ್ಮದು!

ಯಾಕಂದ್ರ ಅತ್ತಿದು ಮಡಿ. ನಾಯಿ ಹೊಸ್ತಿಲ ದಾಟಿದ್ರ ಮುಗೀತು, ಮೈಲಿಗಿ. ನಮ್ಮ ಮೋತ್ಯಾ ಕಂದು ಬಣ್ಣದ ಬಡಪಾಯಿ ನಾಯಿ, ನನ್ನ ಹಿಂದ ಸಾಲಿತನಕ ಬಂದು ಗಂಟಿ ಹೊಡಿಯೋತನಕ ಬಾಗಲದಾಗ ಮಲಗ್ತಿತ್ತು. ಆ ವಾರ ಊರಾಗ ಎರಡು ಆಡು ಚಿರತಿ ಬಾಯಿಗೆ ಹೋಗಿದ್ದವು. ಹೆದರಿ, ಸಂಜಿಮುಂದ ಮೋತ್ಯಾನ ಹಗ್ಗ ಹಿಡದು ಪಡಸಾಲಿಗೆ ಎಳಕೊಂಡು ಬಂದೆ. "ಏ ಹುಡುಗಿ, ನಿನಗೇನು ಹುಚ್ಚು ಹಿಡದದೇನ? ನಾ ಮಡಿಲೆ ಇದ್ದೀನಿ!" ಅಂತ ಅತ್ತಿ ಒದರಿದ್ಲು. ನಾ ಮಾಮಾನ ಮಾರಿ ನೋಡಿದೆ. ಮುಂಜಾನಿ ಅದೇ ಪಾಠ ಹೇಳಿದ ಮನಷ್ಯಾ! ಪೇಪರ್ ಮಡಚಿಟ್ಟು, "ಇವತ್ತೊಂದಿನ ಹಿತ್ತಲದಾಗ ಇರಲಿ ಬಿಡವಾ, ನಾಳಿ ನೋಡೋಣು" ಅಂದ. ತಾನೇ ಎದ್ದು ಹೋಗಿ ಕಟ್ಟಿದ. ಎಲ್ಲಿ ಕಟ್ಟಿದ? ಬೇವಿನ ಗಿಡಕ್ಕ! ಗಿಡ ಏರೋ ಪ್ರಾಣಿ ಅಂತ ಊರಿಗೆಲ್ಲ ಹೇಳಿದವ ಗಿಡಕ್ಕೇ ಕಟ್ಟಿದ. ನೀವೇ ಹೇಳ್ರಿ, ಇಂಥವರಿಗೆ ಏನನ್ನಬೇಕು?

ಇನ್ನೂ ದೇವರ ಮುಂದ ದೀಪ ಹಚ್ಚಿರಲಿಲ್ಲ. ಮೋತ್ಯಾ ಒಂದೇ ಸಲ ಕುಂಯ್ ಅಂತು. ಓಡಿಹೋದ್ರ ಹರದ ಹಗ್ಗ, ಅಷ್ಟೇ. ನಾ ಎರಡು ದಿನ ಉಣಲಿಲ್ಲ. ಮಾಮಾ ಆಮ್ಯಾಲ ಚಿರತಿ ಹೆಸರೇ ಎತ್ತಲಿಲ್ಲ. ಪುಸ್ತಕದಾಗ ಚಿರತಿ ಪಾಠ ಬಂದಾಗ "ನೀವೇ ಓದ್ಕೋರಿ" ಅಂದು ಕಿಡಕಿ ಕಡೆ ತಿರುಗಿ ನಿಂತ. ಅದನ್ನ ನೋಡಿನೂ ನನ್ನ ಸಿಟ್ಟು ಇಳಿಲಿಲ್ಲ.

ಮುಂದ ಯಾರೋ ಒಂದು ನಾಯಿಮರಿ ತಂದುಕೊಟ್ರು. ಹೊತ್ತು ಮುಳುಗೂ ಹೊತ್ತಿಗೆ ಅತ್ತಿ ಮಡಿಸೀರ್ಯಾಗೇ ಅದನ್ನ ಎತ್ಕೊಂಡು ಬಂದು ಪಡಸಾಲ್ಯಾಗ ಬಿಟ್ಲು. ಆಮ್ಯಾಲ ಬಚ್ಚಲಕ್ಕ ಹೋಗಿ ಮತ್ತ ಸ್ನಾನ ಮಾಡಿದ್ಲು. ದಿನಾ ಹಂಗ, ಥಂಡಿ ದಿನದಾಗೂ. ಆಕಿ ಇರೋತನಕ ನಾ ಬಾಯಿ ಬಿಡಲಿಲ್ಲ. ಈಗ ಕೇಳ್ಲಿಕತ್ತೀನಿ: ನಾಕು ತಂಬಿಗಿ ನೀರಿನ ಮಾತಿತ್ತಲ್ಲ ಅತ್ತಿ, ಆ ಸಂಜಿ ಮೋತ್ಯಾನ ಒಳಗ ಬಿಟ್ಟು ಯಾಕ ಹಾಕ್ಕೊಳ್ಳಲಿಲ್ಲ?