ಕೈ ಎತ್ತದ ಬರಹ

ನಮ್ಮ ಬೀದಿಯ ಸಾಹೇಬರ ಬಲಗೈ ಕಿರುಬೆರಳಿನ ಅಂಚು ಸದಾ ನೀಲಿಯಾಗಿರುತ್ತಿತ್ತು. ಕನ್ನಡ ಬರೆದರೆ ಅಲ್ಲಿ ಶಾಯಿ ತಾಗುವುದಿಲ್ಲ. ಬಲದಿಂದ ಎಡಕ್ಕೆ ಬರೆಯುವವರಿಗೆ ತಾಗುತ್ತದೆ.

ಕಡೂರಿನ ತಾಲ್ಲೂಕು ಕಚೇರಿಯ ಮುಂದೆ ಅವರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಬಿಡುವಾದಾಗ ಹೀಬ್ರೂ, ಅರಬ್ಬಿ ಎರಡಕ್ಕೂ ಒಗ್ಗುವ ಒಂದೇ ಕೂಡುಬರಹದ ಲಿಪಿಯನ್ನು ತಾವೇ ಕಟ್ಟುತ್ತಿದ್ದರು. ಅರಬ್ಬಿ ಚಿಕ್ಕಂದಿನಲ್ಲೇ ಕಲಿತಿದ್ದರು; ಹೀಬ್ರೂ ಕಲಿತದ್ದು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ವ್ಯಾಕರಣದಿಂದ.

"ಅಕ್ಕ ತಂಗೀರ ಭಾಷೆ ಕಣಮ್ಮ. ಹೀಬ್ರೂ ಬಿಡಿಬಿಡಿಯಾಗಿ ನಿಂತೈತೆ, ಅರಬ್ಬಿ ಕೈ ಹಿಡ್ಕಂಡು ಹೋಯ್ತದೆ. ಎರಡನ್ನೂ ಕೈ ಎತ್ತದೆ ಬರೀಬೇಕು," ಎಂದು ನನಗೆ ಹೇಳುತ್ತಿದ್ದರು.

"ನನ್ನರ್ಜಿ ಇದ್ರಲ್ಲಿ ಬರೀಬ್ಯಾಡಿ ಸಾಹೇಬ್ರೇ, ಅಮಲ್ದಾರ್ರು ನನ್ನೇ ಒಳಗಾಕ್ತಾರೆ," ಎಂದು ಎಮ್ಮೆದೊಡ್ಡಿಯ ರೈತರೊಬ್ಬರು ಹೇಳಿದಾಗ ಅವರೂ ನಕ್ಕಿದ್ದರು.

ಪಿಯುಸಿಯಲ್ಲಿದ್ದಾಗ ನಾನು ಆ ಲಿಪಿಯ ಮೊದಲ ಅಕ್ಷರಪಟ್ಟಿಯನ್ನು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಮುಂದೆ ಮೈಸೂರಿನಲ್ಲಿ ಎಂ.ಎ. ಓದುವಾಗ, ರಜೆ ಮುಗಿದು ಹೊರಡುವ ಹಿಂದಿನ ದಿನ ಅವರನ್ನು ನೋಡಲು ಹೋದೆ. ಆ ಲಿಪಿಯಲ್ಲಿ ಬರೆದಿದ್ದ ತಮ್ಮ ಮೊದಲ ಕೈಬರಹದ ಪುಸ್ತಕ ತೆರೆದಿಟ್ಟುಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತಿದ್ದರು. ವರ್ಷವರ್ಷವೂ ಅಕ್ಷರಗಳನ್ನು ತಿದ್ದುತ್ತಾ ಬಂದಿದ್ದರಿಂದ, ಆ ಹಳೆಯ ಬರಹ ಈಗ ಅವರಿಗೇ ಓದಲು ಬರುತ್ತಿರಲಿಲ್ಲ.

"ನಾನೇ ಬರ್ದಿದ್ದು. ನನಗೇ ಬಾಗ್ಲು ತೆಗೀತಿಲ್ಲ."

ನಾನು ಮನೆಯಿಂದ ನೋಟ್‌ಬುಕ್ ತಂದು, ಪಟ್ಟಿ ನೋಡಿಕೊಂಡು ಮೊದಲ ಸಾಲನ್ನು ಕೂಡಿಸಿ ಓದಿದೆ: "ಬಯಿತ್, ಬೈತ್." ಒಂದು ಹೀಬ್ರೂ, ಒಂದು ಅರಬ್ಬಿ; ಎರಡರ ಅರ್ಥವೂ ಮನೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ವರ್ಷಕ್ಕೆ ಇನ್ನೊಬ್ರು ಓದಿದ್ದು ಇದೇ ಮೊದ್ಲು. ಇನ್ನು ತಿದ್ದಲ್ಲ ಕಣಮ್ಮ."

ಮರುದಿನ ಬೆಳಿಗ್ಗೆ ಆ ಪಟ್ಟಿಯನ್ನು ನನಗಾಗಿ ನಕಲು ಮಾಡಿಕೊಂಡು, ನೋಟ್‌ಬುಕ್ಕಿನ ಮೂಲ ಹಾಳೆಯನ್ನು ಕಿತ್ತು ಅವರ ಪುಸ್ತಕದ ಒಳರಟ್ಟಿಗೆ ಅಂಟಿಸಿ ಕೊಟ್ಟೆ. ಕಿರುಬೆರಳಿಗೆ ಹತ್ತಿದ ಶಾಯಿಯನ್ನು ತೊಳೆಯದೆಯೇ ಬಸ್ಸು ಹತ್ತಿದೆ.