ಐದಕ್ಷರ ಹೇಳಿದ್ರ ಊಟ

ನಮ್ಮ ಮಾವನವರ ಮನ್ಯಾಗ ಉಣ್ಣಾಕ ಕುಂತೋರು ಮೊದ್ಲು ಒಂದು ಇಂಗ್ಲಿಷ್ ಪದ ಹೇಳಬೇಕು. ಎಂಥದೋ ಒಂದು ಪದ ಅಲ್ಲ. ಅದನ್ನ ಬರೆದ್ರ ಎ, ಇ, ಐ, ಓ, ಯು ಐದೂ ಅಕ್ಷರ ಅದರಾಗ ಇರಬೇಕು. ಎಜುಕೇಶನ್ ಅಂದ್ರ ಐದೂ ಅದಾವು. ರೆಗ್ಯುಲೇಶನ್ ಅಂದ್ರೂ ಅದಾವು. ಬಸ್ಸು, ಟೇಬಲ್ಲು ಅಂತ ಬಡವರ ಪದ ನಡೆಯಂಗಿಲ್ಲ. ಮತ್ತ, ಆ ಮನ್ಯಾಗ ಒಮ್ಮೆ ಒಬ್ಬರು ಹೇಳಿದ ಪದ ಎಂಜಲಾದಂಗ, ಇನ್ನೊಬ್ಬರು ಅದನ್ನ ಮುಟ್ಟಂಗಿಲ್ಲ. ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ಉಳಿದ ಮನಿಗಳಾಗ ಊಟಕ್ಕ ಮೊದ್ಲು ಕೈಕಾಲು ತೊಳೀತಾರ, ದೇವರಿಗೆ ಕೈ ಮುಗೀತಾರ. ನಮ್ಮ ಮನ್ಯಾಗ ಅದರ ಜೊತಿಗೆ ತಲಿನೂ ಕೆರ್ಕೊಳ್ತಾರ.

ಮಾವ ಸರಕಾರಿ ಕಚೇರಿಯಾಗ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದೋರು. ನೌಕರಿಯಾಗ ಇದ್ದಾಗ ಉದ್ದುದ್ದ ಇಂಗ್ಲಿಷ್ ಹಾಕಿ ನೋಟ್ ಬರೀತಿದ್ರಂತ, ಸಾಹೇಬ್ರು ಅರ್ಥ ಆಗದ ಸುಮ್ನ ಸಹಿ ಹಾಕ್ತಿದ್ರಂತ. ರಿಟೈರ್ ಆದ ಮ್ಯಾಲೆ ಸಾಹೇಬ್ರು ಇಲ್ಲ, ಸಹಿ ಇಲ್ಲ. ಹಂಗಾಗಿ ಪೂರ್ತಿ ನಾವ ಸಿಕ್ವಿ. ನನ್ನ ಗಂಡಗಂತೂ ಅದಕ್ಕೂ ಮೊದ್ಲು, ಸಣ್ಣೋರಿದ್ದಾಗಿಂದ ಇದ ಕಾಟ. ಅವರು ಅಪ್ಪನ ಮುಂದ ಬಾಯಿ ತೆರೆಯೋದನ್ನ ಬಿಟ್ಟು ಯಾವ ಕಾಲ ಆತೋ. ಕುರುಗೋಡಿಗೆ ಕೊಟ್ಟ ನಾದಿನಿಯ ಗಂಡ, ಅಂದ್ರ ಈ ಮನಿ ಅಳಿಯಂದ್ರು, ಬರೋವಾಗ ದಾರ್ಯಾಗ ಮೊಬೈಲ್ ತಡವಿ ಒಂದು ಪದ ಹುಡುಕಿಕೊಂಡು, ಬಾಯಾಗ ಇಟ್ಕೊಂಡ ಒಳಗ ಬರ್ತಾರ. ಅದನ್ನ ಹೇಳೋತನಕ ಯಾರು ಮಾತಾಡಿಸಿದ್ರೂ ಉತ್ತರ ಕೊಡಂಗಿಲ್ಲ, ಮರತು ಹೋದೀತು ಅಂತ.

ನಾನು ಸೊಸಿಯಾಗಿ ಬಂದ ದಿನ ನನ್ನೂ ಕೇಳಿದ್ರು. ಕನ್ನಡ ಸಾಲ್ಯಾಗ ಓದಿ ಸಿರುಗುಪ್ಪದಾಗ ಬಿ.ಎ. ಮಾಡಿದಾಕಿ ನಾನು. ಯೋಚನಿ ಮಾಡಿ ಮಾಡಿ "ಹೌಸ್‌ಮೇಡ್" ಅಂದೆ. ಮಾವ ಬೆರಳು ಮಡಚಿ ಎಣಿಸಿ, ಐದೂ ಅದಾವು, ಭೇಷ್ ಅಂದ್ರು. ಹಂಗಂದ್ರ ಏನು ಅಂತ ಅತ್ತಿ ಕೇಳಿದ್ರು. ಮನಿಗೆಲಸದಾಕಿ ಅಂದೆ. "ಬಂದ ದಿನಾನ ಗೊತ್ತು ಮಾಡ್ಕೊಂಡಿ ಬಿಡವ್ವ" ಅಂತ ಅತ್ತಿ ಒಳಗ ಹೋದ್ರು. ಅತ್ತಿಗೆ ಈ ಕಾಟ ಇಲ್ಲ. ಅವರು ಎಲ್ಲಾರೂ ಉಂಡ ಮ್ಯಾಲೆ ಅಡಿಗಿಮನ್ಯಾಗ ಉಣ್ತಾರ, ಅಲ್ಲಿ ಇಂಗ್ಲಿಷ್ ಕೇಳೋರು ಯಾರು.

ನನ್ನ ನೆನಪು ಗಟ್ಟಿ ಅಂತ ಮಾವಗ ಭಾಳ ಲಗೂನ ಗೊತ್ತಾತು. ಯಾವ ಪದ ಯಾರು, ಯಾವಾಗ, ಏನು ಉಣ್ಣೋವಾಗ ಹೇಳಿದ್ರು ಅಂತ ನಾನು ತಪ್ಪದ ಹೇಳ್ತಿದ್ದೆ. ಹಂಗಾಗಿ ನನ್ನ ಅಂಪೈರ್ ಮಾಡಿದ್ರು. ರೊಟ್ಟಿ ಬಡದು, ಪಲ್ಯ ಮಾಡಿ, ನೀಡಿ, ಅದರ ಮ್ಯಾಲೆ "ಆಗೈತ್ರಿ", "ಆಗಿಲ್ರಿ" ಅಂತ ತೀರ್ಪು ಕೊಡೋದೂ ನಂದ. ಪಗಾರ ಇಲ್ಲದ ನೌಕರಿ, ಆದ್ರೂ ಮಂದಿ ಮುಂದ ಮಾವ "ನಮ್ಮ ಸೊಸಿ" ಅಂತ ಹೆಮ್ಮಿಲೆ ತೋರಿಸೋರು. ನನಗೂ ಒಳಗೊಳಗ ಹಿಗ್ಗಿತ್ತು, ಸುಳ್ಳು ಯಾಕ ಹೇಳ್ಲಿ.

ಹಿಗ್ಗಿನ ಒಳಗೊಂದು ಮುಳ್ಳಿತ್ತು. ನಮ್ಮಪ್ಪ ಆ ಮನ್ಯಾಗ ಉಣ್ಣಾಕ ಬರ್ತಿದ್ದಿಲ್ಲ.

ನನ್ನ ತವರು ತೆಕ್ಕಲಕೋಟೆ. ಅಪ್ಪ ಭತ್ತ ಬೆಳೆಯೋ ರೈತ, ನಾಕನೇ ಇಯತ್ತೆಗೆ ಸಾಲಿ ಬಿಟ್ಟೋನು. ಮದುವಿ ಆದ ಮ್ಯಾಲೆ ಬೀಗರ ಊಟಕ್ಕ ಕರೆದ್ರಲ್ಲ, ಅವತ್ತು ಮಾವ ಅವಗೂ ಪದ ಕೇಳಿದ್ರು. ಬೀಗರು ಚ್ಯಾಷ್ಟಿ ಮಾಡಾಕತ್ತಾರ ಅಂತ ಅಪ್ಪ ನಕ್ಕ. ಚ್ಯಾಷ್ಟಿ ಅಲ್ಲ ಅಂತ ತಿಳಿದ ಮ್ಯಾಲೆ, ನನಗ ಬರಂಗಿಲ್ರಿ ಅಂದ. "ಇರ್ಲಿ, ಉಣ್ರಿ. ನಿಮಗ ರಿಯಾಯಿತಿ" ಅಂದ್ರು ಮಾವ. ಪಂಕ್ತಿಯಾಗ ಕುಂತೋರೆಲ್ಲ ನಕ್ರು. ಅಪ್ಪ ತಲಿ ಎತ್ತಲಾರದ ಉಂಡು ಎದ್ದ.

ಆಮ್ಯಾಲೆ ಬಳ್ಳಾರಿಗೆ ಬಂದಾಗೆಲ್ಲ ಫೋನ್ ಮಾಡೋನು, "ಬಸ್ ಸ್ಟ್ಯಾಂಡಿನ್ಯಾಗ ಅದೀನವ್ವ, ಬಂದು ಹೋಗು." ನಾನು ಓಡೋಡಿ ಹೋಗ್ತಿದ್ದೆ. ಹೊಸ ಅಕ್ಕಿ ಚೀಲ ಕೊಟ್ಟು, ಅಲ್ಲೇ ಹೋಟೆಲಿನ್ಯಾಗ ವಗ್ಗರಣಿ ಮಿರ್ಚಿ ತಿಂದು, ಸಿರುಗುಪ್ಪದ ಬಸ್ಸು ಹತ್ತಿಬಿಡೋನು. ಮಗಳ ಮನಿ ಅಲ್ಲೇ ಆಟೋ ದಾರಿ ದೂರದಾಗ ಇರಬೇಕಾದ್ರ, ಅಪ್ಪ ಹೋಟೆಲಿನ ಕಾಗದದ ಮ್ಯಾಲೆ ತಿನ್ನೋದು ನೋಡಿ ನನಗ ಹೊಟ್ಟಿ ಉರೀತಿತ್ತು. ಒಂದು ಸಲ, ಒಂದ ಸಲ, ನನ್ನ ಕೈಲೆ ಬಡದ ರೊಟ್ಟಿ ಅವನ ತಾಟಿಗೆ ಹಾಕಬೇಕು ಅಂತ ಆಸಿ. ಅದಕ್ಕಿಂತ ದೊಡ್ಡ ಆಸಿ ನನಗ ಆಗ ಯಾವುದೂ ಇದ್ದಿಲ್ಲ.

ನನ್ನ ಮಗಳು ಮಾತು ಕಲ್ತು, ಫೋನಿನ್ಯಾಗ "ತಾತಾ, ಬಾ" ಅಂದಿದ್ದಕ್ಕ ಅಪ್ಪ ಕರಗಿದ. ಆಕಿ ಹುಟ್ಟಿದ ಹಬ್ಬಕ್ಕ ಬರ್ತೀನಿ ಅಂದ. ಬರ್ತೀನಿ ಅಂದ ಕೂಡ್ಲೆ ನಾನು ಪಾಠಕ್ಕ ಕುಂತೆ. ಅವಗ ಗೊತ್ತಿರೋ ಸಾಮಾನ ಆಗಬೇಕು, ಮನ್ಯಾಗ ಯಾರೂ ಹೇಳಿರಬಾರದು. ಹುಡುಕಿ ಹುಡುಕಿ "ಕಾಲಿಫ್ಲವರ್" ಅಂತ ಹೇಳಿಕೊಟ್ಟೆ.

"ಅದೇನವ್ವ?" ಅಂದ.

"ಹೂಕೋಸು, ಅಪ್ಪ."

"ಹೂಕೋಸು ತಿನ್ನಾಕ ಯಾರೂ ಇಷ್ಟು ಕಾಡಿಲ್ಲ ನೋಡು ನನ್ನ" ಅಂದ. ಆದ್ರೂ ಕಲ್ತ. ನೀರು ಕಟ್ಟೋವಾಗ ಗದ್ದಿಯಾಗ ನಿಂತು ಅದನ್ನ ಅನ್ಕೊಳ್ತಾನ, ಮಂದಿ ಏನಂತಾರೋ ಅಂತ ಅವ್ವ ಫೋನಿನ್ಯಾಗ ಗೋಳಾಡಿದ್ಲು.

ಹಬ್ಬದ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಪಂಕ್ತಿಯಾಗ ಮಾವ, ನನ್ನ ಗಂಡ, ಕುರುಗೋಡಿನ ಅಳಿಯಂದ್ರು, ಕಡೀಕ ಅಪ್ಪ. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಎಲ್ಲಾ ನೀಡಿ ನಾನು ಬಾಗಲಿಗೆ ಒರಗಿ ನಿಂತೆ. ನನ್ನ ಗಂಡ ಎಂದಿನಂಗ ಸಣ್ಣ ದನಿಲೆ ಒಂದು ಪದ ಹೇಳಿ ಮುಗಿಸಿದ್ರು. ಅಳಿಯಂದ್ರ ಪಾಳಿ ಬಂತು. ಅವರು ಎದಿ ಉಬ್ಬಿಸಿ "ಕಾಲಿಫ್ಲವರ್" ಅಂದ್ರು.

ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂತಾರಲ್ಲ, ಅದು ಅವತ್ತು ನನ್ನ ಕಣ್ಮುಂದ ನಡೀತು. ಮಾವ ಎಣಿಸಿ ಭೇಷ್ ಅಂದು, ಅಪ್ಪನ ಕಡಿ ತಿರುಗಿದ್ರು. "ನಿಮ್ದು, ಬೀಗರ?"

"ನಂದೂ ಅದ ಇತ್ರಿ" ಅಂದ ಅಪ್ಪ.

ಅಳಿಯಂದ್ರು ನಕ್ಕುಬಿಟ್ರು. ಮಾವನೂ ನಕ್ಕು, "ಇರ್ಲಿ, ಉಣ್ರಿ. ನಿಮಗ ರಿಯಾಯಿತಿ" ಅಂದ್ರು. ಅದ ಮಾತು, ಅದ ದನಿ.

ಅಪ್ಪ ತಾಟಿನ ಮ್ಯಾಲಿಂದ ಕೈ ತಗದ. "ರಿಯಾಯಿತಿ ಬ್ಯಾಡ್ರಿ. ನೀವು ನಿಮ್ಮ ಪದ ಹೇಳಿ ಉಣ್ರಿ. ನಾ ಹಿಂಗ ಕುಂತಿರ್ತೀನಿ" ಅಂದ. ಅವನ ಮಾತಿನ್ಯಾಗ ಸಿಟ್ಟಿದ್ದಿಲ್ಲ. ನನಗ ಮಾತ್ರ ಸಿಟ್ಟು ನೆತ್ತಿಗೇರಿತು.

ಕಡೀಕ ಮಾವನೂ ಒಂದು ಪದ ಹೇಳೋದು ಪದ್ಧತಿ. ಅವರ ಪದಕ್ಕ ಅಂಪೈರ್ ಎಂದೂ ಬಾಯಿ ಹಾಕ್ತಿದ್ದಿಲ್ಲ, ಹಿರೇರು ಅಂತ. ಅವತ್ತು "ರೆಪ್ಯುಟೇಶನ್" ಅಂದು ರೊಟ್ಟಿಗೆ ಕೈ ಹಾಕಿದ್ರು.

"ಆಗೈತ್ರಿ ಮಾವ" ಅಂದೆ. "ನನ್ನ ಮದುವಿ ವರ್ಷ ನೀವ ಹೇಳೀರಿ."

ಅವರು ನನ್ನ ಮುಖ ನೋಡಿದ್ರು. "ಆಟೊಮೊಬೈಲ್" ಅಂದ್ರು.

"ಅಳಿಯಂದ್ರು ಹೇಳ್ಯಾರ್ರಿ, ಕಾರು ತಗೊಂಡಾಗ."

"ಅನ್‌ಕ್ವೆಶ್ಚನೆಬಲ್."

"ಆಗೈತ್ರಿ. ಯುಗಾದಿಗೆ."

"ನ್ಯುಮೋನಿಯಾ" ಅಂದ್ರು. ಹಣಿ ಮ್ಯಾಲೆ ಬೆವರಿತ್ತು.

"ಅದೂ ಆಗೈತ್ರಿ. ಅತ್ತಿಯವರಿಗೆ ಆರಾಮಿಲ್ಲದ ದವಾಖಾನಿಗೆ ಸೇರ್ಸಿದ್ವಲ್ಲ, ಡಾಕ್ಟರ್ ರೋಗದ ಹೆಸರು ಹೇಳಿದ ಕೂಡ್ಲೆ ನೀವು ಐದೂ ಅದಾವು ಅಂದ್ರಿ. ಅವತ್ತು ಬುತ್ತಿ ಬಿಚ್ಚಿದಾಗ ಅದನ್ನ ಹೇಳಿ ಉಂಡ್ರಿ."

ಈ ಸಂಗತಿ ಅತ್ತಿಯವರಿಗೆ ಗೊತ್ತಿದ್ದಿಲ್ಲ. ಅವರು ಅಡಿಗಿಮನಿ ಬಾಗಲಾಗ ಸೌಟು ಹಿಡಕೊಂಡು ನಿಂತಿದ್ರು. "ನನಗ ಉಸಿರಾಡಾಕ ಬರ್ತಿದ್ದಿಲ್ಲ. ನೀವು ಅಕ್ಷರ ಎಣಿಸಿಕೋಂತ ಕುಂತಿದ್ರೇನು?" ಅಂದ್ರು. ಸೌಟು ಕೆಳಗಿಟ್ಟು ಗ್ವಾಡಿಗೆ ಒರಗಿ ಕುಂತುಬಿಟ್ರು.

ಮಾವಗ ಆಮ್ಯಾಲೆ ಒಂದು ಪದನೂ ಹೊಳೀಲಿಲ್ಲ. ಕೈ ತಾಟಿನ್ಯಾಗ, ಕಣ್ಣು ಅತ್ತಿ ಮ್ಯಾಲೆ. ಹಿರೇರು ತುತ್ತು ಎತ್ತದ ಉಳಿದೋರು ಎತ್ತಂಗಿಲ್ಲ. ಅಳಿಯಂದ್ರ ನಗು ಯಾವಾಗೋ ನಿಂತಿತ್ತು. ನಾನೂ ಸಾಕು ಅಂತ ಬಿಡಲಿಲ್ಲ. ಕುಂದರ್ಲಿ, ಗೊತ್ತಾಗ್ಲಿ ಅಂತ ಹಟ.

ಅಪ್ಪನೇ ಮೊದ್ಲು ಮಾತಾಡಿದ. "ಬೀಗರ, ರೊಟ್ಟಿ ಆರಾಕತ್ತೈತಿ. ಇದು ನನ್ನ ಮಗಳ ಮನಿ. ಇಲ್ಲಿ ಉಣ್ಣಾಕ ಯಾರೂ ಏನೂ ಹೇಳಬೇಕಾಗಿಲ್ಲ. ಉಣ್ರಿ."

ಮಾವ ತಲಿ ತಗ್ಗಿಸಿ ರೊಟ್ಟಿ ಮುರದ್ರು. ಅವರು ಬಾಯಾಗ ಇಟ್ಟ ಮ್ಯಾಲೆ ಅಪ್ಪನೂ ಮುರದ. ಇಷ್ಟು ವರ್ಷದಾಗ ಅದನ್ನ ನನ್ನ ಮನಿ ಅಂತ ಯಾರೂ ಅಂದಿದ್ದಿಲ್ಲ, ನಾನೂ ಅಂದಿದ್ದಿಲ್ಲ. ಅಪ್ಪಗ ಎರಡನೇ ರೊಟ್ಟಿ ಹಾಕಾಕ ಬಗ್ಗಿದೆ, ನನಗ ತಾಟು ಕಾಣಲಿಲ್ಲ.